ಓಲೆ ಬೇಯಿಸಿದ ದಿನಗಳು

ನನ್ನ ತವರು ಮೂರು ತಲೆಮಾರಿನಿಂದ ಬಸವನಗುಡಿಯಲ್ಲಿ ಹೆಸರು ಉಳಿಸಿಕೊಂಡು ಬಂದ ಮನೆತನ. ತಾತ ಹೆಡ್‌ಮಾಸ್ಟರು, ತಂದೆ ಮುನ್ಸೀಫರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಹೊಲಿಗೆ ಒಂದು ಎಳೆ ಓರೆಯಾದರೂ ಬಿಚ್ಚಿ ಮತ್ತೆ ಹೊಲಿಯುವವಳು. ಇಂಥವಳ ಮನೆಯಲ್ಲೇ ಇಂಥವೆಲ್ಲ ಯಾಕೆ ನಡೆಯುತ್ತವೋ, ನನಗೆ ಇವತ್ತಿಗೂ ತಿಳಿದಿಲ್ಲ.

ಎಂಬತ್ತರ ದಶಕ. ಜರ್ಮನಿಯಲ್ಲಿದ್ದ ತಂಗಿ ಜಯನಗರದ ನಮ್ಮ ಮನೆಗೆ ಬಂದಾಗ ಬಣ್ಣಬಣ್ಣದ ಪ್ಲಾಸ್ಟಿಕ್ ಜೇಡಿಮಣ್ಣು ತಂದಳು.

"ಅಕ್ಕಾ, ನಾದಿ, ಆಕಾರ ಕೊಟ್ಟು ಬೇಯಿಸಿದ್ರೆ ಒಡವೆ ಆಗತ್ತೆ" ಅಂದಳು.

ಮಹಿಳಾ ಸಮಾಜದ ಕೈಕೆಲಸದ ಪ್ರದರ್ಶನದಲ್ಲಿ ನನಗೊಂದು ಟೇಬಲ್ ಸಿಗಲೇಬೇಕೆಂದು ಅಂದೇ ನಿಶ್ಚಯಿಸಿದೆ. ಎಷ್ಟು ಹೊತ್ತು, ಹೇಗೆ ಬೇಯಿಸಬೇಕೆಂಬುದು ಪೊಟ್ಟಣದ ಮೇಲೆ ಜರ್ಮನ್ ಭಾಷೆಯಲ್ಲಿತ್ತು. ಅದನ್ನು ನೋಡುವ ಹೊತ್ತಿಗೆ ತಂಗಿ ವಿಮಾನ ಹತ್ತಿಯಾಗಿತ್ತು.

೧. ಹಬೆ

ನಮ್ಮ ಮನೆಯಲ್ಲಿ ಬೇಯಿಸುವುದೆಂದರೆ ಹಬೆಯಲ್ಲಿ. ಮಣಿಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿಟ್ಟು ಹತ್ತು ನಿಮಿಷ ಬಿಟ್ಟೆ. ಅಷ್ಟರಲ್ಲಿ ಅತ್ತೆ ಬಂದು ಮುಚ್ಚಳ ತೆಗೆದರು.

"ಅಯ್ಯೋ ರಾಮ! ಏನೇ ಇದು, ಹಸಿರು, ಕೆಂಪು?"

"ಹಾರ, ಅತ್ತೆ."

ಅವರು ಒಂದು ಮಣಿ ಎತ್ತಿ ಹಿಸುಕಿದರು. ಅದು ಒಡೆದು ಎರಡಾಯಿತು.

"ಉದ್ದು ಸಾಲದು" ಅಂದರು.

೨. ಹೊಗೆ

ದುಂಡನೆಯ ಅಲ್ಯೂಮಿನಿಯಂ ಓವನ್ ತರಿಸಿದೆ. ಓಲೆಗಳನ್ನಿಟ್ಟು ಮುಕ್ಕಾಲು ಗಂಟೆ ಬಿಟ್ಟಿದ್ದಕ್ಕೆ ಕಪ್ಪು ಹೊಗೆ ಬೀದಿಗೆ ಹೋಯಿತು. ವೈರ್ ಸುಡುತ್ತಿದೆಯೆಂದು ಎದುರುಮನೆಯವರು ಲೈನ್‌ಮನ್‌ನನ್ನು ಕರೆತಂದರು. ಅವನು ಇಡೀ ಬೀದಿಯ ಕರೆಂಟು ತೆಗೆದು ನೇರ ನನ್ನ ಅಡುಗೆಮನೆಗೇ ಬಂದುಬಿಟ್ಟ!

"ಏನ್ ಬೇಯಿಸ್ತಿದ್ರಿ ಮೇಡಂ?"

"ಓಲೆ."

ಆತ ಓವನ್ನಿನೊಳಗೆ ಬಗ್ಗಿ ನೋಡಿದ. "ನಮ್ಮನೇವ್ರು ಹಸೀದೇ ಹಾಕ್ಕೋತಾರೆ ಮೇಡಂ."

೩. ತಟ್ಟೆ

ಮೂರು ತಿಂಗಳು ಸುಟ್ಟು, ಸೀಯಿಸಿ, ಕೊನೆಗೆ ಹದ ಸಿಕ್ಕಿತು. ಬೆರಳಷ್ಟು ಅಗಲದ ದುಂಡು ರಿಂಗುಗಳು, ಹೊಂಬಣ್ಣಕ್ಕೆ ತಿರುಗಿದ ಕಂದು. ಐದು ಜೊತೆಯನ್ನು ಆರಲೆಂದು ಸ್ಟೀಲ್ ತಟ್ಟೆಯಲ್ಲಿ ಹರಡಿ ಊಟದ ಮೇಜಿನ ಮೇಲಿಟ್ಟೆ.

ಅವತ್ತೇ ಸಮಾಜದ ಅಧ್ಯಕ್ಷೆ ಜೆ.ಪಿ. ನಗರದಿಂದ ಬಂದರು, ಟೇಬಲ್ ಕೊಡುವ ಮುಂಚೆ ಒಡವೆ ನೋಡಲು.

"ಕೂತಿರಿ, ಕಾಫಿ ತರ್ತೀನಿ, ಆಮೇಲೆ ತೋರಿಸ್ತೀನಿ" ಎಂದು ಒಳಗೆ ಹೋದೆ.

ಕಾಫಿ ಹಿಡಿದು ಬಂದರೆ ಆಕೆ ಎದ್ದು ನಿಂತಿದ್ದರು. ಒಂದು ಕೈ ಕೆನ್ನೆಯ ಮೇಲೆ, ಇನ್ನೊಂದರಲ್ಲಿ ಕರ್ಚೀಫು. ಬಾಯಿ ಪೂರ್ತಿ ತೆರೆಯದೆ, "ತುಂಬಾ ಚೆನ್ನಾಗಿದೆ ರೀ, ಇನ್ನೊಂದಿನ ಬರ್ತೀನಿ" ಅಂದವರೇ ಆಟೋ ಹತ್ತಿದರು. ತಟ್ಟೆಯಲ್ಲಿ ಒಂಬತ್ತೇ ಓಲೆಗಳಿದ್ದವು.

ವಾರದ ಮೇಲೆ ಸಮಾಜದಿಂದ ಕಾಗದ ಬಂತು. ಟೇಬಲ್ಲಿನ ಮಾತೇ ಇಲ್ಲ. ಹೊಸ ಸೊಸೆಯಂದಿರಿಗೆ ನಡೆಸುವ ಅಡುಗೆ ತರಗತಿಯಲ್ಲಿ ನನ್ನ ಹೆಸರು ಸೇರಿಸಿದ್ದಾರಂತೆ! ಮೊದಲ ಪಾಠ, ಕೋಡುಬಳೆ. ಕೆಳಗೆ ಅಧ್ಯಕ್ಷೆಯ ಕೈಬರಹ: "ಎಣ್ಣೆ ಚೆನ್ನಾಗಿ ಕಾದಿರಬೇಕು. ಬೇಜಾರು ಮಾಡ್ಕೋಬೇಡಿ."

ನನಗಾಗ ಐವತ್ತೆರಡು ವರ್ಷ. ನಾನು ಮಾಡಿದ ಕೋಡುಬಳೆ ತಿಂದು ಯಾರೂ ಕೆನ್ನೆ ಹಿಡಿದುಕೊಂಡದ್ದಿಲ್ಲ.

"ಪಾಪ, ಆಕೆಯ ಹಲ್ಲು ಹೋಗಿದೆಯಂತೆ. ಅದು ಓಲೆ ಅಂತ ನೀನೇ ಒಂದು ಸಾರಿ ಹೇಳಿಬಿಡು" ಅಂದರು ನಮ್ಮ ಯಜಮಾನರು.

ನಾನೇಕೆ ಹೇಳಲಿ? ಕೇಳದೆ ತಟ್ಟೆಗೆ ಕೈ ಹಾಕಿದವರು ಅವರು. ಜೊತೆ ಮುರಿದವರು ಅವರು. ಅವರೇ ನನ್ನ ಕ್ಷಮೆ ಕೇಳಬೇಕು, ಬರವಣಿಗೆಯಲ್ಲಿ.