ಎದುರುಬದುರು ಎರಡು ಬಂಕು

ಒಂಟಿಯಾಗಿರುವವನಿಗೆ ಮನೆಯಿಂದ ಹೊರಡಲು ಏನಾದರೊಂದು ನೆಪ ಬೇಕು. ಕೆಲವರು ದೇವಸ್ಥಾನಕ್ಕೆ ಹೋಗುತ್ತಾರೆ, ಕೆಲವರು ಇಲ್ಲದ ಕಾಯಿಲೆ ಹೇಳಿಕೊಂಡು ಡಾಕ್ಟರ ಮುಂದೆ ಕೂರುತ್ತಾರೆ. ನಾನು ಪೆಟ್ರೋಲ್ ಬಂಕಿಗೆ ಹೋಗುತ್ತೇನೆ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ದನಿಯೆತ್ತುವುದು ಕುಕ್ಕರ್ ಒಂದೇ. ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಬಂಕಿನಲ್ಲಾದರೆ ಒಬ್ಬ ಮನುಷ್ಯ ನನ್ನ ಮುಖ ನೋಡಿ, "ಜೀರೋ ನೋಡ್ಕಳಿ ಸಾ" ಎನ್ನುತ್ತಾನೆ. ಅಷ್ಟಕ್ಕಾಗಿ ಸ್ಕೂಟರಿಗೆ ದಿನಾ ಅರ್ಧ ಲೀಟರ್ ಹಾಕಿಸುತ್ತೇನೆ, ಅದನ್ನು ಖರ್ಚು ಮಾಡಲು ತೆರಕಣಾಂಬಿಯವರೆಗೆ ಸುಮ್ಮನೆ ಹೋಗಿಬರುತ್ತೇನೆ.

ಗುಂಡ್ಲುಪೇಟೆಯ ಹೆದ್ದಾರಿಯಲ್ಲಿ ನನ್ನ ಮನೆಗೆ ಹತ್ತಿರದ ಬಂಕುಗಳು ಎರಡು, ಎದುರುಬದುರು. ಕಂಪನಿ ಬೇರೆ ಬೇರೆ, ದರ ಮಾತ್ರ ಪೈಸೆ ಸಮೇತ ಒಂದೇ. ಕೇರಳದ ಕಾರಿನವರಿಗೆ ತಮ್ಮೂರಿಗಿಂತ ಅಗ್ಗವಾದರೆ ಸಾಕು, ಟ್ಯಾಂಕ್ ತುಂಬಿಸಿಕೊಂಡು ಹೊರಡುತ್ತಾರೆ. ಚಾಮರಾಜನಗರದ ಕಾಲೇಜಿನಲ್ಲಿ ವಾಣಿಜ್ಯ ಪಾಠ ಹೇಳಿ ನಿವೃತ್ತನಾದ ನಾನು ಹಾಗೆ ಬಿಡಲಾದೀತೇ? ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ಕಟ್ಟುವುದು, ಗಿರಾಕಿಗಳನ್ನು ಹಂಚಿಕೊಳ್ಳುವುದು, ಎರಡೂ ಪೈಪೋಟಿ ಕಾನೂನಿಗೆ ವಿರುದ್ಧ. ಇದನ್ನು ಒಂದು ದಿನ ಈ ಬಂಕಿನ ನಾಗೇಶನಿಗೆ, ಇನ್ನೊಂದು ದಿನ ಆ ಬಂಕಿನ ಮಾದೇಶನಿಗೆ ವಿವರಿಸುತ್ತಿದ್ದೆ, ಹಿಂದಿನಿಂದ ಈರುಳ್ಳಿ ಲಾರಿ ಹಾರನ್ ಹೊಡೆಯುವವರೆಗೂ.

"ರೇಟು ನಮ್ ಕೈಲಿಲ್ಲ ಸಾ, ಮೇಲಿಂದ ಬತ್ತದೆ," ಎನ್ನುತ್ತಿದ್ದ ನಾಗೇಶ.

"ದೆಹಲಿಗೇ ದೂರು ಕೊಡ್ತೀನಿ ನೋಡು."

"ಕೊಡಿ ಸಾ. ನಾಳಿಕ್ಕೆ ಆ ಕಡೆ ಬಂಕ್ನಲ್ಲೂ ಒಸಿ ವಿಚಾರ್ಸಿ."

ಮಾದೇಶನೂ ಹೀಗೇ ಇತ್ತ ಕಳಿಸುತ್ತಿದ್ದ. ನನ್ನ ತನಿಖೆಗೆ ಎಷ್ಟು ಸಹಕಾರ ಎಂದು ಒಳಗೇ ಬೀಗುತ್ತಿದ್ದೆ.

ನಿನ್ನೆ ಮಾದೇಶನ ಬಂಕಿನಲ್ಲಿ ಕಾರುಗಳ ಸಾಲಿತ್ತು. ಹಿಂದಿನ ದಿನ ಹೋಗಿದ್ದರೂ ಮತ್ತೆ ನಾಗೇಶನ ಬಳಿಗೇ ಹೋದೆ. ಅವನು ರಸ್ತೆಯಾಚೆಗೆ ಕೂಗಿದ: "ಲೋ ಮಾದೇಶ, ಮೇಷ್ಟ್ರು ಇಲ್ಲಿಗೇ ಬಂದವ್ರೆ ಕಣ್ಲಾ. ಇವತ್ತು ನಿನ್ ಸರದಿ ಅಂತ ಮಾತಾಗಿರ್ನಿಲ್ವಾ?"

"ಗೊತ್ತು ಕಣ್ಲಾ. ಗಾಡಿ ಜಾಸ್ತಿ ಅವೆ, ಇದೊಂದ್ ದಿನ ನೀನೇ ಕೇಳ್ಕಂಬುಡು."

ನನ್ನ ಮುಖ ಸಣ್ಣದಾಯಿತು. ಅಷ್ಟು ವರ್ಷ ಕ್ಲಾಸಿನಲ್ಲಿ ವಿವರಿಸಿದ ಅಪರಾಧ ಕಣ್ಣೆದುರೇ ನಡೆದಿತ್ತು. ಹಂಚಿಕೆಯಾದ ಗಿರಾಕಿ ನಾನೇ. ತೆರಕಣಾಂಬಿಗೂ ಹೋಗದೆ ಮನೆಗೆ ಬಂದು ಕೂತೆ. ಬಹಳ ಬೇಜಾರಾಯಿತು. ಆಮೇಲೆ, ನನ್ನ ವಿಷಯವನ್ನು ಇಬ್ಬರು ಕೂತು ಮಾತಾಡಿದ್ದಾರಲ್ಲ, ಈಗ ಅಷ್ಟು ಮಾಡುವವರಾದರೂ ಯಾರಿದ್ದಾರೆ ಅನ್ನಿಸಿತು.

ದೂರು ಕೊಡುವ ಯೋಚನೆ ಬಿಟ್ಟಿದ್ದೇನೆ. ಈ ಒಪ್ಪಂದ ಮುರಿದರೆ ನನ್ನನ್ನು ಎದುರಿನವನಿಗೆ ದಾಟಿಸಲು ಇಬ್ಬರೂ ಪೈಪೋಟಿಗೆ ಬಿದ್ದಾರು. ನಿನ್ನೆಯದು ತಪ್ಪಿದ್ದರಿಂದ ಇವತ್ತು ಮಾದೇಶನ ಸರದಿ. ಸಾಲು ಕರಗಿದ ಮೇಲೆ ಹೋಗುತ್ತೇನೆ.