ಹೂಂ ಅನ್ನುವ ತೊಟ್ಟಿ

ತೊಟ್ಟಿಗಾಗಲಿ ಗಿಡದ ಮಡಿಗಾಗಲಿ ಹೊರಗಿನ ನೀರು ಒಂದು ಹನಿಯೂ ಬೀಳಕೂಡದು. ಇದು ನಮ್ಮ ತಾರಸಿಯ ನಿಯಮ. ಬಾಯಲ್ಲಿ ಹೇಳಿದರೆ ಸಾಲದೆಂದು ಪೇಂಟರನ್ನು ಕರೆಸಿ, ದಪ್ಪ ಅಕ್ಷರದಲ್ಲಿ ಬೋರ್ಡು ಬರೆಸಿ, ಮೆಟ್ಟಿಲ ಮೇಲಿನ ಬಾಗಿಲಿಗೆ ಹೊಡೆಸಿದ್ದೇನೆ. ಚಳ್ಳಕೆರೆಯಲ್ಲಿ ಈ ನಿಯಮ ಮುರಿಯದವರು ಯಾರಾದರೂ ಇದ್ದರೆ, ಅವರು ನಮ್ಮ ಮನೆಗೆ ಇನ್ನೂ ಬಂದಿಲ್ಲ ಅಂತಲೇ ಅರ್ಥ ಎಂದು ಬಹಳ ದಿನ ನಂಬಿದ್ದೆ.

ನಿಯಮಕ್ಕೆ ಕಾರಣವಿದೆ. ತಾರಸಿಯ ಮೇಲೆ ಒಂದು ಸಿಮೆಂಟ್ ತೊಟ್ಟಿ. ಅದರಲ್ಲಿ ಜಿಲೇಬಿ ಮೀನು. ಪಕ್ಕದಲ್ಲಿ ಸ್ವಲ್ಪ ಎತ್ತರಕ್ಕೆ ಜಲ್ಲಿಕಲ್ಲು ತುಂಬಿದ ಮಡಿ. ಅದರಲ್ಲಿ ಪಾಲಕ್, ಪುದೀನ, ಟೊಮ್ಯಾಟೊ. ಮಣ್ಣಿಲ್ಲ, ಗೊಬ್ಬರವಿಲ್ಲ. ಮೀನಿನ ಹೊಲಸು ಸೇರಿದ ನೀರನ್ನು ಚಿಕ್ಕ ಮೋಟಾರು ಎತ್ತಿ ಮಡಿಗೆ ಬಿಡುತ್ತದೆ, ಗಿಡ ಆ ಹೊಲಸನ್ನು ಉಂಡು ನೀರನ್ನು ಶುದ್ಧ ಮಾಡುತ್ತದೆ. ಮಡಿ ತುಂಬಿದ ಕೂಡಲೇ ಒಳಗೆ ಹುಗಿದ ಸೈಫನ್ ಕೊಳವೆ ಅಷ್ಟೂ ನೀರನ್ನು ಒಂದೇ ಉಸಿರಿಗೆ ಎಳೆದು ಮೀನಿಗೆ ವಾಪಸು ಕೊಡುತ್ತದೆ. ಇದಕ್ಕೆ ಅಕ್ವಾಪೋನಿಕ್ಸ್ ಎನ್ನುತ್ತಾರೆ. ಅದೇ ನೀರು ಸುತ್ತುತ್ತಿರಬೇಕು. ಆವಿಯಾದಷ್ಟನ್ನು ಬಿಸಿಲಲ್ಲಿಟ್ಟು ಹದ ಮಾಡಿದ ನೀರಿನಿಂದ ನಾನೇ ತುಂಬುತ್ತೇನೆ. ಕ್ಲೋರಿನ್ ಔಷಧಿ ಬೆರೆತ ನಲ್ಲಿ ನೀರು ಹಾಗೇ ಬಿದ್ದರೆ ಮೀನು ಸಾಯುತ್ತವೆ.

ಆ ಸೈಫನ್ನಿನ ಸದ್ದಿನ ಬಗ್ಗೆಯೂ ಹೇಳಬೇಕು. ಮೊದಲು ಏನೂ ಇರುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ, ಮುಳುಗುತ್ತಿರುವವರು ಕೊನೆಯ ಗುಟುಕು ನುಂಗಿದ ಹಾಗೆ 'ಗೊಳಕ್' ಎನ್ನುತ್ತದೆ. ಅದರ ಬೆನ್ನಿಗೇ ಉದ್ದಕ್ಕೆ 'ಹೂಂ...' ಎನ್ನುತ್ತದೆ. ಗಾಳಿಯೇ ಇಲ್ಲದ ಮಟಮಟ ಮಧ್ಯಾಹ್ನದಲ್ಲೂ ಪಾಲಕ್ ಎಲೆಗಳು ಆಗ ನಡುಗುತ್ತವೆ. ಕಲ್ಲುಗಳ ಸಂದಿಯಲ್ಲಿ ಯಾರೋ ಪಿಸುಗುಟ್ಟಿದಂತಾಗುತ್ತದೆ. ನಾನು ಆರನೇ ತರಗತಿಯಲ್ಲೇ ಸೈಫನ್ ಪಾಠ ಓದಿದವನು. ನನಗೂ ಮೊದಲ ಸಲ ಬೆನ್ನ ಹಿಂದೆ ನೋಡುವಂತಾಗಿತ್ತು.

ಮೂಗುಬೊಟ್ಟು

ಶುರು ಮಾಡಿದವರು ಎದುರುಮನೆಯ ಅಕ್ಕ. ಪಾಲಕ್ ಕೇಳಲು ಬಂದರು. ಹೊಸ ನೀರು ಕಂಡರೆ ನಮ್ಮ ಕಡೆಯ ಹೆಂಗಸರು ಸುಮ್ಮನಿರುವುದಿಲ್ಲ, ಗಂಗಮ್ಮ ಎಂದು ಕೈಮುಗಿದು ಒಂದು ತಂಬಿಗೆ ನೀರು ಹಾಕಲೇಬೇಕು. ನಾನು ಸೊಪ್ಪು ಕೊಯ್ಯುತ್ತ ಬಗ್ಗಿದ್ದಾಗ ಅಕ್ಕ ನಮ್ಮ ನಲ್ಲಿಯಿಂದಲೇ ನೀರು ಹಿಡಿದು ತಂದು ಮಡಿಗೆ ಸುರಿದರು.

"ನಮ್ಮವ್ವ ಗಂಗಮ್ಮಾ, ನನ್ ಮೂಗುಬೊಟ್ಟು ಕಳೆದೈತೆ. ಮನೇಲೇ ಐತೇನವ್ವಾ?"

ಗೊಳಕ್. ಹೂಂ...

ಅಕ್ಕನ ಕೈಯಿಂದ ತಂಬಿಗೆ ಜಾರಿ ಬಿತ್ತು. ನಾನು ವಿವರಿಸಿದೆ. ಮಡಿ ಅಂಚಿನವರೆಗೆ ತುಂಬಿತ್ತು, ಇನ್ನೊಂದು ತಂಬಿಗೆ ಬಿದ್ದದ್ದರಿಂದ ಸೈಫನ್ ಎಳೆಯಿತು, ಬೇರೇನೂ ಅಲ್ಲ ಎಂದೆ. ಅಕ್ಕ ಕೇಳಿಸಿಕೊಳ್ಳದೆ ಹಿಂದಕ್ಕೆ ಹಿಂದಕ್ಕೆ ನಡೆದು ಮೆಟ್ಟಿಲಿಳಿದರು. ಸಂಜೆಯೊಳಗೆ ಮೂಗುಬೊಟ್ಟು ಅಕ್ಕಿಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು.

ಇದನ್ನೆಲ್ಲ ಪಕ್ಕದ ತಾರಸಿಯಿಂದ ನೋಡಿದವಳು ಎಣ್ಣೆಮಿಲ್ಲಿನವರ ಮಗಳು. ನರ್ಸಿಂಗ್ ಕೊನೆಯ ವರ್ಷ. ದಿನವೂ ಅಲ್ಲಿ ಪುಸ್ತಕ ಹಿಡಿದು ಅಡ್ಡಾಡುತ್ತ ಓದುತ್ತಾಳೆ. ಪರೀಕ್ಷೆ ಮುಗಿಯುವವರೆಗೆ ಮದುವೆ ಮಾತು ಬೇಡ ಎಂದು ಅಪ್ಪನನ್ನು ಕೇಳಿಕೊಂಡಿದ್ದಳು. ಅಪ್ಪ ಆಗಲಿ ಎಂದಿರಲಿಲ್ಲ, ಆಗದು ಎಂದೂ ಅಂದಿರಲಿಲ್ಲ.

"ಅಂಕಲ್, ಅಕ್ಕಿಹಿಟ್ಟಿನ ಡಬ್ಬಿ ಅಂತ ತೊಟ್ಟಿ ಯಾಕೆ ಹೇಳ್ಲಿಲ್ಲ?" ಎಂದಳು. ಆ ಬೀದಿಯಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ.

ಚಪ್ಪಲಿ

ಜನ ಬರತೊಡಗಿದರು. ನಾನು ನಿಯಮ ಬಿಗಿ ಮಾಡಿದೆ. ಕೊಳೆ ಬರಬಾರದೆಂದು ಚಪ್ಪಲಿ ಬಾಗಿಲಾಚೆ ಬಿಡಿ ಎಂದೆ. ಕೈಕಾಲು ತೊಳೆಯಿರಿ ಎಂದೆ. ಮೀನು ಬೆದರುತ್ತವೆ, ಜೋರಾಗಿ ಮಾತಾಡಬೇಡಿ ಎಂದೆ. ಮಡಿಯನ್ನು ಮುಟ್ಟಬೇಡಿ ಎಂದೆ.

ಎಲ್ಲರೂ ಅಕ್ಷರಶಃ ಪಾಲಿಸಿದರು. ಚಪ್ಪಲಿ ಸಾಲಾಗಿ ಬಿಟ್ಟು, ಕಾಲು ತೊಳೆದು, ಪಿಸುಮಾತಿನಲ್ಲಿ ಮೇಲೆ ಬಂದು, ದೂರ ನಿಂತು ಕೈಮುಗಿದರು. ಆಮೇಲೆ ತಂಬಿಗೆ ಎತ್ತಿ ನೀರು ಸುರಿದರು.

ಹೆಂಡತಿಗೆ ಹೇಳಿದೆ, "ಎಲ್ಲ ನಿಯಮ ಪಾಲಿಸ್ತಾರೆ, ಮುಖ್ಯವಾದ ಒಂದನ್ನ ಬಿಟ್ಟು."

"ನೀವು ಗುಡಿ ಕಟ್ಟಿ, ನೀರು ಹಾಕಬೇಡಿ ಅಂದ್ರೆ ಯಾರ್ರೀ ಕೇಳ್ತಾರೆ?" ಎಂದಳು. ಹೇಳುವಾಗ ಅವಳ ಸೆರಗಿನ ತುದಿ ಒದ್ದೆಯಾಗಿತ್ತು.

"ನೀನೂ ಹಾಕಿದ್ಯಾ?"

"ಒಂದೇ ಒಂದ್ಸಲ. ಮಾರ್ಕೆಟ್‌ನಿಂದ ನಮ್ಮನೆಯವರು ಬದನೆಕಾಯಿ ತರೋದು ನೋಡೋ ಭಾಗ್ಯ ಈ ಜನ್ಮದಲ್ಲಿ ಇನ್ನೊಮ್ಮೆ ಐತಾ ಅಂತ ಕೇಳ್ದೆ."

"ಏನಂತು?"

"ಹೂಂ ಅಂತು," ಎಂದು ಚೀಲ ನನ್ನ ಕೈಗೆ ಕೊಟ್ಟಳು.

ಮೋಟಾರು ಭಾಯಿ

ಒಂದು ಮಧ್ಯಾಹ್ನ ಮೋಟಾರು ನಿಂತಿತು. ಬಸ್‌ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಭಾಯಿಯನ್ನು ಕರೆತಂದೆ. ಕರೆಂಟು ತೆಗೆದು, ಮೋಟಾರು ಬಿಚ್ಚಿ, ತೊಡೆ ಮೇಲಿಟ್ಟುಕೊಂಡು ಕೂತ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಊರಾಚೆ ಸರ್ಕಾರದವರು ಡ್ರೋನ್ ಪರೀಕ್ಷೆ ಮಾಡುವ ವರವು ಕಾವಲ್ ಕಡೆ ಪೈಲಟ್ ಇಲ್ಲದ ವಿಮಾನವೊಂದು ಗುಂಯ್ ಎನ್ನುತ್ತ ಕಾಣದ ಹಾಗೆ ಸುತ್ತುತ್ತಿತ್ತು. ಭಾಯಿ ತನ್ನಷ್ಟಕ್ಕೆ ಗೊಣಗಿದ. "ಬೇಗಂ ಸಿಟ್ಟು ಮಾಡ್ಕೊಂಡು ತವರಿಗೆ ಹೋಗಿ ಎಷ್ಟು ದಿನ ಆಯ್ತು ಸಾಬ್. ಬರ್ತಾಳೋ, ಇಲ್ಲೋ..." ಎನ್ನುತ್ತ ಗ್ರೀಸಿನ ಕೈಯನ್ನು ಮಗ್ಗಿನಿಂದ ತೊಳೆದುಕೊಂಡ.

ಗೊಳಕ್. ಹೂಂ...

ಮೀನುಗಳೆಲ್ಲ ಒಟ್ಟಿಗೆ ಮೇಲೆ ಬಂದು, ಬಾಯಿ ತೆರೆದು, ಅವನ ಕಡೆಗೇ ಮುಖ ಮಾಡಿ ನಿಂತವು.

ಭಾಯಿ ಮೆಲ್ಲಗೆ ಎದ್ದ. "ಸಾಬ್, ಮೋಟಾರು ನನ್ ಕೈಯಾಗೆ ಐತೆ. ಕರೆಂಟು ನಾನೇ ತೆಗ್ದೀನಿ. ಅದು ಯಾವ ಗಂಟ್ಲಲ್ಲಿ ಮಾತಾಡ್ತು?"

ಕೈ ತೊಳೆದ ನೀರು ಮಡಿಗೆ ಚೆಲ್ಲಿದ್ದನ್ನು ನಾನು ನೋಡಿದ್ದೆ, ಹೇಳಿದೆ. ಮೀನು ಅವನತ್ತಲೇ ತಿರುಗಿದ್ದೇಕೆ ಎಂದು ಕೇಳಿದ. ಸ್ಪ್ಯಾನರು ಬಿಟ್ಟು, ನನ್ನ ಮೋಟಾರು ಹಿಡಿದುಕೊಂಡೇ ಓಡಿದ. ಅವನ ಹೆಂಡತಿ ಬಂದಳು. ನನ್ನ ಮೋಟಾರು ಬರುವುದು ಅದಕ್ಕಿಂತ ತಡವಾಯಿತು.

ಮೊಳಕಾಲ್ಮೂರಿನ ಅತ್ತೆ

ಸುದ್ದಿ ಮೊಳಕಾಲ್ಮೂರಿಗೆ ತಲುಪಿ ನಮ್ಮ ಅತ್ತೆ, ಹೆಂಡತಿಯ ತಾಯಿ, ಬಸ್ಸು ಹತ್ತಿದರು. ಅವರದು ರೇಷ್ಮೆ ಸೀರೆ ನೇಯುವ ಮನೆ. ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಬಂದವರೇ ನೀರನ್ನೂ ಕುಡಿಯದೆ ತಾರಸಿ ಹತ್ತಿದರು. ನಾನು ಬೋರ್ಡಿನ ಮುಂದೆ ಅಡ್ಡ ನಿಂತೆ.

"ಅತ್ತೆ, ನೀರು ಹಾಕುವಂತಿಲ್ಲ."

"ಹಾಕಲ್ಲಪ್ಪಾ ಅಲ್ಲುಡೂ. ಬಾಯಲ್ಲೇ ಕೇಳ್ತೀನಿ." ತೊಟ್ಟಿಯ ಕಡೆ ತಿರುಗಿದರು. "ನಾ ಬಿಡ್ಡ ಈ ಮನೇಲಿ ಸುಖವಾಗಿ ಉಂದಾ ತಲ್ಲೀ?"

ತೊಟ್ಟಿ ಸುಮ್ಮನಿತ್ತು. ಪಾಲಕ್ ಸುಮ್ಮನಿತ್ತು. ಹೆಂಡತಿ ನನ್ನನ್ನೇ ನೋಡಿದಳು. ಎದುರುಮನೆಯ ಅಕ್ಕ ತಮ್ಮ ಕಿಟಕಿಯಿಂದ ನನ್ನನ್ನೇ ನೋಡಿದರು. ನನ್ನ ಸಂಸಾರದ ಬಗ್ಗೆ ಒಂದು ಜಲ್ಲಿಕಲ್ಲಿನ ಮಡಿ ಏನು ಹೇಳೀತು ಎಂದು ನಾನೂ ಕಿವಿಗೊಟ್ಟು ಕಾಯುತ್ತಿರುವುದು ಆಗ ನನಗೇ ಗೊತ್ತಾಯಿತು. ಅಷ್ಟರಲ್ಲಿ ಅತ್ತೆ ಸೆರಗಿನ ಮರೆಯಿಂದ ಬಾಟಲಿ ತೆಗೆದು ನನ್ನ ಭುಜದ ಮೇಲಿಂದಲೇ ನೀರು ಎರಚಿದರು.

ಗೊಳಕ್. ಹೂಂ...

ಅತ್ತೆ ನಿಟ್ಟುಸಿರುಬಿಟ್ಟರು. "ಸುಖವಾಗೈತಂತೆ. ಆದ್ರೆ ಬಾಳ ಯೋಚನೆ ಮಾಡಿ ಹೇಳ್ತು."

ವಿವರಣೆ

ಮೀನು ಸಾಯತೊಡಗಿದವು. ಬೆಳಿಗ್ಗೆ ಹೋದರೆ ಹೊಟ್ಟೆ ಮೇಲಾಗಿ ತೇಲುತ್ತಿರುತ್ತಿದ್ದವು, ರೆಪ್ಪೆಯಿಲ್ಲದ ಕಣ್ಣು ಬಿಟ್ಟುಕೊಂಡು. ನಲ್ಲಿ ನೀರು ವಿಷವಾಗಿತ್ತು. ಎದುರುಮನೆಯ ಅಕ್ಕ ಮಾತ್ರ, "ಯಾರದೋ ಕಂಟಕ ತಾನು ಹೊತ್ಕೊಂಡು ಹೋಗೈತೆ" ಎಂದು ಕಣ್ಣೊರೆಸಿಕೊಂಡರು. ಹೀಗೇ ನಡೆದರೆ ತೊಟ್ಟಿ ಖಾಲಿಯಾಗುವುದು ಖಚಿತವಿತ್ತು.

ಒಂದು ಭಾನುವಾರ ಬೀದಿಯವರನ್ನೆಲ್ಲ ಕರೆದು ನಿಲ್ಲಿಸಿದೆ. ಜಲ್ಲಿ ಸರಿಸಿ ಕೊಳವೆ ತೋರಿಸಿದೆ. "ನೋಡಿ, ಮಡಿ ಇಲ್ಲಿವರೆಗೆ ತುಂಬಿದಾಗ ನೀರು ಹಾಕಿದ್ರೆ ಸದ್ದು ಬರುತ್ತೆ. ಖಾಲಿ ಇದ್ದಾಗ ಹಾಕಿದ್ರೆ ಬರಲ್ಲ. ಇಷ್ಟೇ."

ಎಲ್ಲರೂ ಗಮನವಿಟ್ಟು ಕೇಳಿದರು. ಎಣ್ಣೆಮಿಲ್ಲಿನ ಯಜಮಾನರು ತಲೆದೂಗಿದರು. "ಈಗ ಗೊತ್ತಾಯ್ತು ನೋಡ್ರಿ ಸಾರ್. ಹೊತ್ತು ಗೊತ್ತಿಲ್ದೆ ಬಂದು ತೊಂದ್ರೆ ಕೊಡ್ತಿದ್ವಿ. ಇನ್ಮೇಲೆ ತುಂಬಿದಾಗ್ಲೇ ಬರ್ತೀವಿ."

ತಂಬಿಗೆ

ಎಣ್ಣೆಮಿಲ್ಲಿನ ಯಜಮಾನರು ಹೇಳಿದಂತೆಯೇ ಬಂದರು. ಬರುವ ಮುಂಚೆ ಕೆಳಗೆ ನನ್ನೊಡನೆ ಕೂತು ವಿಷಯ ತಿಳಿಸಿದರು. ಮಗಳಿಗೆ ತಳುಕು ಊರಿನ ಕಡೆಯಿಂದ ಸಂಬಂಧ ಬಂದಿದೆ. ಹುಡುಗನ ಮನೆಯವರು ಪರೀಕ್ಷೆಯವರೆಗೆ ಕಾಯುವುದಿಲ್ಲ, ಓದು ನಿಲ್ಲಿಸಬೇಕು ಎನ್ನುತ್ತಾರೆ. ಮಗಳು ಒಪ್ಪುತ್ತಿಲ್ಲ. ಆದ್ದರಿಂದ ಮಗಳ ಕೈಯಿಂದಲೇ ತೊಟ್ಟಿಯನ್ನು ಕೇಳಿಸುವುದು, ಅದು ಹೇಳಿದ ಮೇಲೆ ಯಾರೂ ಎದುರು ಮಾತಾಡುವಂತಿಲ್ಲ.

"ಆ ತೊಟ್ಟಿ ಯಾರಿಗೂ ಇಲ್ಲ ಅಂದದ್ದಿಲ್ಲ, ತಿಳೀತಾ?" ಎಂದೆ.

"ಗೊತ್ತು ಸಾರ್. ಅದಕ್ಕೇ ಬಂದೆ."

"ಅದು ಕೊಳವೆ ಕಣ್ರೀ! ನಿಮ್ಮ ಮಗಳ ಬದುಕು."

"ಹಂಗಾದ್ರೆ ಅದು ಇಲ್ಲ ಅನ್ಲಿ, ಬಿಟ್ ಬಿಡ್ತೀನಿ," ಎಂದು ಎದ್ದು ಮೆಟ್ಟಿಲು ಹತ್ತಿದರು.

ನಾನು ಹಿಂದೆಯೇ ಹತ್ತಿದೆ. ಬಾಗಿಲಾಚೆ ಆಗಲೇ ಚಪ್ಪಲಿಗಳ ಸಾಲು. ಹುಡುಗನ ಸೋದರಮಾವ, ಎದುರುಮನೆಯ ಅಕ್ಕ, ನನ್ನ ಹೆಂಡತಿ, ಎಲ್ಲ ದೂರ ನಿಂತು ಕೈಮುಗಿದಿದ್ದರು. ಮಡಿ ಅಂಚಿನವರೆಗೆ ತುಂಬಿತ್ತು. ಇಳಿಬಿಸಿಲು ಕೆಂಪಾಗಿತ್ತು, ನೀರೂ ಕೆಂಪಾಗಿ ಕಾಣುತ್ತಿತ್ತು. ಕಾವಲ್ ಕಡೆಯ ಗುಂಯ್ ಸದ್ದು ಯಾವಾಗಲೋ ನಿಂತಿತ್ತು. ಉಳಿದ ಮೀನುಗಳು ಸದ್ದಿಲ್ಲದೆ ಮೇಲೆ ಬಂದು, ಬಾಯಿ ತೆರೆದು, ಹುಡುಗಿಯ ಕಡೆಗೇ ತಿರುಗಿ ನಿಂತವು.

ಅಪ್ಪ ತುಂಬಿದ ತಂಬಿಗೆಯನ್ನು ಅವಳ ಕೈಗೆ ಕೊಟ್ಟರು. "ಹಾಕವ್ವಾ. ಆಗ್ಲಾ ಅಂತ ಒಂದ್ಮಾತು ಕೇಳು."

ನಾನು ಬೋರ್ಡಿನ ಕಡೆ ಕೈ ತೋರಿಸಿದೆ. ಯಾರೂ ತಿರುಗಲಿಲ್ಲ. ಹುಡುಗಿ ಮಾತ್ರ ತಿರುಗಿದಳು, ತರಗತಿಯಲ್ಲಿ ಓದುವವಳ ಹಾಗೆ ಗಟ್ಟಿಯಾಗಿ ಓದಿದಳು. "ಹೊರಗಿನ ನೀರು ಒಂದು ಹನಿಯೂ ಬೀಳಕೂಡದು."

"ಅದು ಬಿಡೇ, ಸಾರ್ ಎಲ್ಲಾರ್ಗೂ ಹಂಗೇ ಅಂತಾರೆ," ಎಂದರು ಅಕ್ಕ.

ಹುಡುಗಿ ತಂಬಿಗೆ ಎತ್ತಿದಳು.

ಗೊಳಕ್.

ಎಲ್ಲರ ಕೈಗಳು ತಾವಾಗಿ ಮೇಲೆದ್ದವು. ಸೋದರಮಾವ ಕಣ್ಣು ಮುಚ್ಚಿ "ಆಯ್ತು, ಅಪ್ಪಣೆ ಆಯ್ತು" ಎಂದೇಬಿಟ್ಟ. ಆದರೆ ಪಾಲಕ್ ಎಲೆ ಅಲುಗಿರಲಿಲ್ಲ. ಸದ್ದು ಬಂದಿದ್ದು ಹುಡುಗಿಯ ಗಂಟಲಿನಿಂದ. ತಲೆ ಹಿಂದಕ್ಕೆ ಚೆಲ್ಲಿ, ತಂಬಿಗೆಯ ನೀರನ್ನು ಗೊಳಕ್ ಗೊಳಕ್ ಎಂದು ಕುಡಿಯುತ್ತಿದ್ದಳು. ತುಂಬಿದ ತಂಬಿಗೆ, ಒಂದೇ ಉಸಿರು. ಅಪ್ಪನ ಬಾಯಿ ಮೀನಿನ ಬಾಯಿಗಿಂತ ದೊಡ್ಡದಾಗಿ ತೆರೆದಿತ್ತು.

ಕುಡಿದು ಮುಗಿಸಿ ತುಟಿ ಒರೆಸಿಕೊಂಡಳು. "ಪರೀಕ್ಷೆ ಮುಗೀಲಿ ಅಪ್ಪಾ. ಆಮೇಲೆ ನನ್ನೇ ಕೇಳು, ಹೇಳ್ತೀನಿ."

ಮತ್ತೆ ತಂಬಿಗೆಯನ್ನು ಮಡಿಯ ಮೇಲೆ ಹಿಡಿದು, ಎಲ್ಲರೂ ನೋಡುವಂತೆ, ಬೋರಲು ಹಾಕಿದಳು. ಒಂದು ಹನಿಯೂ ಬೀಳಲಿಲ್ಲ.