ಊದಿದ ಕೆನ್ನೆಯ ಬೀಗ

ಬಹುಕಾಲ ಜೇಬಿನಲ್ಲಿಟ್ಟು ಸಾಕಿದ ಆಂಡ್ರಾಯ್ಡ್ ಫೋನಿನ ಸುಧಾರಿತ ಅವತಾರ ಅಂಗಡಿಗೆ ಬಂದಿದೆ ಎಂದು ತಿಳಿದ ಮೇಲೆ, ಕೊಡೆ ಕಾರ್ಖಾನೆಯ ಗೋಡೌನ್ ಗುಮಾಸ್ತನಿಗೆ ಹಲ್ಲುನೋವೂ ಅಡ್ಡ ಬರಲಿಲ್ಲ. ದವಡೆಹಲ್ಲು ಕೀಳಿಸಿಕೊಂಡವನು ಊದಿದ ಕೆನ್ನೆ ಹಿಡಿದುಕೊಂಡು ಸೀದಾ ಅಂಗಡಿಗೆ ಹೋಗಿ ಅದನ್ನು ಕೊಂಡ. ಹೆಸರು ಅದೇ, ಆಕಾರ ಅದೇ, ಹೆಸರಿಗೆ ಮಾತ್ರ 'ಪ್ಲಸ್' ಎಂಬ ಬಾಲ. ಹಳೆಯದರ ಗಾಜು ಗೀರುಮಯವಾಗಿತ್ತು, ಇದರಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದು. ಮುಖ ತೋರಿಸಿದರೆ ಸಾಕು, ಬೀಗ ತೆರೆಯುತ್ತದೆ. ಅಲ್ಲೇ ನಿಂತು ತನ್ನ ಮುಖ ದಾಖಲಿಸಿದ. ಜೊತೆಗೆ ಒಂದು ಗುಪ್ತ ಸಂಖ್ಯೆಯನ್ನೂ ಫೋನು ಕೇಳಿತು. ನೋವಿನ ಮಂಪರಿನಲ್ಲಿ ಏನೋ ಒಂದು ಕುಟ್ಟಿ, ಅಲ್ಲೇ ಮರೆತ.

"ಇನ್ನು ಇದನ್ನ ತೆಗೆಯೋನು ಭೂಮಿ ಮೇಲೆ ನಾನೊಬ್ಬನೇ" ಎಂದು ಆಫೀಸಿಗೆಲ್ಲ ಸಾರಿದ.

ಮರುದಿನ ಚೇರ್ಮನ್ ಬಂದರು. ಅವರ ಕೈಕುಲುಕುವ ಒಂದು ಫೋಟೊ ಗೋಡೆಯ ಮೇಲಿರಬೇಕೆಂಬುದು ಮ್ಯಾನೇಜರರ ಜನ್ಮದ ಆಸೆ. ಎಲ್ಲರೂ ಫೋನ್ ಎತ್ತಿದಾಗ ಗುಮಾಸ್ತ ಮುಂದೆ ನುಗ್ಗಿದ. "ಎಲ್ರೂ ಒಳಗಿಡ್ರಿ! ಪ್ಲಸ್ ಇರೋವಾಗ ನಿಮ್ಮದೆಲ್ಲ ಯಾಕೆ?" ಬಿಸಿಲು ಕಣ್ಣಿಗೆ ಕುಕ್ಕುತ್ತಿತ್ತು, ಗಾಜಿನಲ್ಲಿ ತನ್ನ ಮುಖವೇ ಕಾಣುತ್ತಿತ್ತು. ಹೊಳಪು ಅಂದರೆ ಇದಪ್ಪ ಎಂದು ಹಿಗ್ಗಿ ಪಟಪಟನೆ ಒತ್ತಿದ.

"ಫೋಟೊ ಚೆನ್ನಾಗಿ ಬಂದ್ರೆ ಮೇಲಿನ ಮಹಡಿ ಕಿಟಕಿ ಪಕ್ಕದ ಕುರ್ಚಿ ನಿಂದೇ ಕಣಯ್ಯಾ" ಎಂದರು ಮ್ಯಾನೇಜರು. ಕತ್ತಲೆ ಗೋಡೌನಿನಲ್ಲಿ ಕೊಡೆಗಳಂತೆ ಮಡಚಿಕೊಂಡೇ ಬಾಳಿದವನಿಗೆ ಕಣ್ಣು ತುಂಬಿ ಬಂತು.

ಮಾರನೆಯ ಬೆಳಗ್ಗೆ ಎದ್ದರೆ ಕೆನ್ನೆಯ ಊತ ಇಳಿದಿತ್ತು. ಫೋನಿಗೆ ಮುಖ ತೋರಿಸಿದ. 'ಮುಖ ಹೊಂದುತ್ತಿಲ್ಲ' ಎಂದಿತು. ನಕ್ಕು ತೋರಿಸಿದ, ಗದರಿಸಿ ತೋರಿಸಿದ, ತಲೆ ಬಾಚಿಕೊಂಡು ತೋರಿಸಿದ. ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

"ಅದಕ್ಕೆ ಗೊತ್ತಿರೋದು ಊದಿದ ಗಂಡ. ಇಳಿದ ಗಂಡನ್ನ ಯಾಕೆ ಒಳಗೆ ಬಿಟ್ಕೊಳತ್ತೆ?" ಎಂದಳು ಹೆಂಡತಿ.

ಅಂಗಡಿಯವನನ್ನು ಹೆಂಡತಿಯ ಫೋನಿನಿಂದ ಕೇಳಿದ. "ಬೀಗ ಒಡೀಬಹುದು ಸಾರ್. ಒಳಗಿರೋ ಫೋಟೊ ಎಲ್ಲ ಅಳಿಸಿಹೋಗತ್ತೆ" ಎಂದ ಅವನು.

ಆಫೀಸಿನಲ್ಲಿ ಮ್ಯಾನೇಜರು ಖಾಲಿ ಫ್ರೇಮ್ ಹಿಡಿದು ನಿಂತಿದ್ದರು. "ಮೊಳೆ ಹೊಡೆಸಿ ಆಯ್ತು. ಸಂಜೆಯೊಳಗೆ ಫೋಟೊ ಬರ್ಬೇಕು."

"ಇದೇನ್ ಮಹಾ, ಬರತ್ತೆ ಸಾರ್!" ಎಂದ ಗುಮಾಸ್ತ, ಧೈರ್ಯಕ್ಕೇನೂ ಬರವಿಲ್ಲದವನು.

ವಿಷಯ ತಿಳಿದು ಆಫೀಸೇ ಸಹಾಯಕ್ಕೆ ಬಂತು. ಕ್ಯಾಷಿಯರ್ ಗುಮಾಸ್ತನ ಬಾಯಿಗೆ ಹತ್ತಿ ತುರುಕಿದ. "ಅಯ್ಯೋ, ಬಲಗಡೆ ಅಲ್ಲ, ಎಡಗಡೆ!" ಎಂದು ಟೈಪಿಸ್ಟಕ್ಕ ಅದನ್ನು ತೆಗೆದು ಇತ್ತ ತುರುಕಿದರು. ಫೋನು ಒಪ್ಪಲಿಲ್ಲ. ಲಾರಿ ಡ್ರೈವರ್ ತೋಳು ಮಡಚಿದ. "ಒಂದು ಬಿಡ್ಲಾ ಅಣ್ಣಾ? ಐದು ನಿಮಿಷದಲ್ಲಿ ಊದತ್ತೆ." ಉತ್ತರಕ್ಕೂ ಕಾಯದೆ ಬಿಟ್ಟೇಬಿಟ್ಟ. ಕೆನ್ನೆ ಕೆಂಪಾಯಿತೇ ಹೊರತು ಊದಲಿಲ್ಲ. ಅಷ್ಟರಲ್ಲಿ ಗುಮಾಸ್ತನ ಮೇಲೆ ಹಳೆಯ ಸಿಟ್ಟಿದ್ದವರೆಲ್ಲ ಸಹಾಯ ಮಾಡಲು ಸಾಲುಗಟ್ಟಿದರು. ಅವನು ಹಿಂಬಾಗಿಲಿನಿಂದ ಓಟ ಕಿತ್ತ.

ಹಲ್ಲಿನ ಡಾಕ್ಟರು ಅವನ ಭಾವಮೈದುನನೇ. "ಊದಿಸೋಕೆ ಏನಾದ್ರೂ ಮಾಡೋ!"

"ಅದಕ್ಕೆ ಔಷಧ ಇಲ್ಲ ಭಾವ. ಪಕ್ಕದ ಹಲ್ಲೂ ಹುಳುಕಾಗಿದೆ, ಅದನ್ನೂ ಒಂದಿನ ಕೀಳಬೇಕು ಅಷ್ಟೆ."

ಗುಮಾಸ್ತನ ಕಣ್ಣ ಮುಂದೆ ಕಿಟಕಿ, ಗಾಳಿ, ಕುರ್ಚಿ ಸುಳಿದವು. "ಇವತ್ತೇ ಕೀಳು!" ಎಂದು ಬಾಯಿ ತೆರೆದ.

ಸಂಜೆ ಕುಂಬಳಕಾಯಿಯಂಥ ಕೆನ್ನೆ ಹೊತ್ತು ವಿಜಯಶಾಲಿಯಾಗಿ ಬಂದ. ಮುಖ ತೋರಿಸಿದ. ಬೀಗ ತೆರೆಯಿತು! ಟೈಪಿಸ್ಟಕ್ಕ ಚಪ್ಪಾಳೆ ತಟ್ಟಿದರು. ಮ್ಯಾನೇಜರು ಫೋನ್ ಕಸಿದುಕೊಂಡು ಮೊದಲ ಫೋಟೊ ನೋಡಿದರು.

ಊದಿದ ಕೆನ್ನೆಯ ಗುಮಾಸ್ತ.

ಎರಡನೆಯದರಲ್ಲೂ ಅವನೇ. ಇನ್ನೊಂದರಲ್ಲಿ "ಸ್ಮೈಲ್ ಪ್ಲೀಸ್" ಎಂದು ಬಾಯಿ ತೆರೆದಿದ್ದ, ಕಿತ್ತ ಹಲ್ಲಿನ ಜಾಗವೂ ಸ್ಪಷ್ಟವಾಗಿತ್ತು. ಚೇರ್ಮನ್ ಬಂದ ದಿನ ಬೆಳಗ್ಗೆ ಕೆನ್ನೆ ನೋಡಿಕೊಳ್ಳಲೆಂದು ತನ್ನತ್ತ ತಿರುಗಿಸಿಕೊಂಡಿದ್ದ ಕ್ಯಾಮೆರಾ ಹಾಗೆಯೇ ಉಳಿದುಬಿಟ್ಟಿತ್ತು. ಚೇರ್ಮನ್ನರ ಬೂಟಿನ ತುದಿಯೂ ಎಲ್ಲೂ ಇರಲಿಲ್ಲ.

ಮ್ಯಾನೇಜರು ಫ್ರೇಮನ್ನು ಕ್ಯಾಷಿಯರ್ ಕೈಗೆ ಕೊಟ್ಟರು. "ಇದನ್ನೇ ಹಾಕ್ಸಿ, ಗೋಡೌನಿನಲ್ಲಿ ತೂಗುಹಾಕ್ರಿ. ಇವನ ಕುರ್ಚಿ ಅದರ ಕೆಳಗೇ ಇರ್ಲಿ, ರಿಟೈರ್ ಆಗೋವರೆಗೂ."

"ಷರಿ ಷಾರ್" ಎಂದ ಗುಮಾಸ್ತ, ಕೆನ್ನೆ ಒತ್ತಿಹಿಡಿದು. "ಆದ್ರೆ ಕ್ಲಾರಿಟಿ ನೋಡಿದ್ರಾ ಷಾರ್?"